ಅಗ್ನಿಸಾಕ್ಷಿಯೂ ಪತ್ರಸಾಕ್ಷಿಯೂ

ಶಕುಂತಲೆಯ ಕಥೆಯನ್ನು ವ್ಯಾಸಮಹರ್ಷಿಗಳು ಹೇಳಿದ ರೀತಿ ಒಂದು, ಕಾಳಿದಾಸನು ಹೇಳಿದ ರೀತಿ ಮತ್ತೊಂದು. ಮಹಾಭಾರತದಲ್ಲಿ ಉಂಗುರದ ಮಾತೇ ಇಲ್ಲ. ಮಗನ ಕೈಹಿಡಿದು ಗಂಡನ ಸಭೆಗೆ ಬಂದ ಆಕೆಯನ್ನು ದುಷ್ಯಂತನು ಅರಿಯೆನೆಂದಾಗ ಅಶರೀರವಾಣಿಯೇ ಸಾಕ್ಷಿ ನುಡಿಯುತ್ತದೆ. ಕಾಳಿದಾಸನ ನಾಟಕದ ರಾಜಸಭೆಗೆ ಆ ವಾಣಿಯು ಬರುವುದಿಲ್ಲ. ಅಲ್ಲಿ ಬೇಕಾದುದು ರಾಜನ ಹೆಸರುಳ್ಳ ಉಂಗುರ, ಅದು ಶಚೀತೀರ್ಥದ ನೀರಿನಲ್ಲಿ ಜಾರಿಹೋಗಿದೆ. ಈ ಪಂಚಮಾಂಕವನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆನು. ಶಾರ್ಙ್ಗರವನ ಕೋಪವನ್ನೂ ಗೌತಮಿಯ ಸಂಕಟವನ್ನೂ ವಿವರಿಸುವುದರಲ್ಲಿಯೇ ಗಂಟೆ ಬಾರಿಸುತ್ತಿದ್ದಿತಲ್ಲದೆ, ಹೆಂಡತಿಯೆಂಬುದಕ್ಕೆ ಸಾಕ್ಷ್ಯವೇನು ಎಂಬ ವಿಚಾರವು ಎಂದೂ ನನ್ನ ತಲೆಗೆ ಹೊಳೆದಿರಲಿಲ್ಲ. ಕಳೆದ ವರ್ಷ ಹೊಳೆಯಿತು.

ನನ್ನ ತಮ್ಮನ ಮಗಳ ವಿವಾಹವು ನಮ್ಮ ಮನೆಯ ಅಂಗಳದಲ್ಲಿಯೇ ನಡೆಯಿತು. ವರನು ಪರದೇಶದಲ್ಲಿ ಉದ್ಯೋಗಸ್ಥನು. ಹದಿನೈದು ದಿನದ ರಜೆ ಮುಗಿಸಿ ಹಿಂದಿರುಗಿದನು. ಹುಡುಗಿಯು ಬೆನ್ನ ಹಿಂದೆಯೇ ಹೋಗಬೇಕೆಂದು ಎಲ್ಲರ ಎಣಿಕೆ. ಆದರೆ ಆ ದೇಶದ ಕಚೇರಿಯವರು ವಿವಾಹ ನೋಂದಣಿಯ ಪ್ರಮಾಣಪತ್ರ, ಮದುವೆಗೆ ಮುಂಚಿನ ಹಾಗೂ ತರುವಾಯದ ಭಾವಚಿತ್ರಗಳು, ದಂಪತಿಗಳ ಪರಸ್ಪರ ಪತ್ರವ್ಯವಹಾರ, ವರನ ಸಂಬಳದ ಲೆಕ್ಕ, ಇಷ್ಟನ್ನೂ ಕೇಳಿದರು. ನೋಂದಣಿಯನ್ನು ನಾವು ಮಾಡಿಸಿಯೇ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿಯೇ ಅದು ಕಡ್ಡಾಯವಾಗಬೇಕೆಂದು ಹೇಳಿದ್ದರೂ, ತಪ್ಪು ನಮ್ಮದೇ. “ದೊಡ್ಡಪ್ಪ, ಊರೆಲ್ಲ ಉಂಡುಹೋದ ಮದುವೆಗೆ ಸಾಕ್ಷಿಯಿಲ್ಲವಂತೆ” ಎಂದು ಹುಡುಗಿ ನಕ್ಕಳು. ನಕ್ಕ ಮೇಲೆ ಒಳಗೆ ಹೋಗಿ ಅತ್ತಳು. ಎಂಬತ್ತು ಮೀರಿದ ಪುರೋಹಿತರನ್ನು ಹೇಳಿಕೆಗೆ ಸಹಿ ಮಾಡಿಸಲು ಕರೆತಂದಾಗ ಅವರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, “ಗೋತ್ರಪ್ರವರಗಳಿಗೆ ಸ್ಥಳವೆಲ್ಲಿ?” ಎಂದು ಕೇಳಿದರು.

ಇದು ಈಗಿನ ಕಾಲದ ಹೊಸ ಉಪದ್ರವವೆಂದು ಮನೆಯವರು ಗೊಣಗಿದರು. ಹಾಗಲ್ಲ. ಕಡಲಾಚೆಯ ಗಂಡನ ಬಳಿಗೆ ಹೊರಟ ಭಾರತೀಯ ಸ್ತ್ರೀಯನ್ನು ಬಂದರಿನಲ್ಲಿ ತಡೆದು “ನೀನು ಹೆಂಡತಿಯೆಂಬುದಕ್ಕೆ ಆಧಾರವೇನು” ಎಂದು ಕೇಳಿದ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯುಂಟು. ಅದರ ಮುಖ್ಯ ಪ್ರಕರಣವು ನಡೆದುದು ದಕ್ಷಿಣ ಆಫ್ರಿಕದಲ್ಲಿ.

1860ರ ನವೆಂಬರಿನಲ್ಲಿ ಮದರಾಸಿನಿಂದ ಕರಾರಿನ ಕೂಲಿಗಳನ್ನು ಹೊತ್ತ ಮೊದಲ ಹಡಗು ಡರ್ಬನ್ನಿಗೆ ಮುಟ್ಟಿತು. ಅವರ ಹಿಂದೆ ಗುಜರಾತದ ವರ್ತಕರು ಸ್ವಂತ ಖರ್ಚಿನಿಂದ ಹೋದರು. ವರ್ತಕರಲ್ಲಿ ಅನೇಕರು ಅಂಗಡಿಯನ್ನು ಅಲ್ಲಿಟ್ಟು ಸಂಸಾರವನ್ನು ಇಲ್ಲಿಟ್ಟವರು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ವಾಡಿಕೆ. ನೆಟಾಲಿನವರು 1897ರಲ್ಲಿ ಯೂರೋಪಿನ ಒಂದು ಭಾಷೆಯನ್ನು ಬರೆಯಬಲ್ಲವರಿಗಲ್ಲದೆ ಇತರರಿಗೆ ಪ್ರವೇಶವಿಲ್ಲವೆಂದು ವಿಧಿಸಿದಾಗಲೂ, ಅಲ್ಲಿ ನೆಲೆಸಿದವನ ಹೆಂಡತಿಗೂ ಎಳೆಯ ಮಕ್ಕಳಿಗೂ ಆ ಪರೀಕ್ಷೆಯಿಂದ ವಿನಾಯಿತಿಯಿದ್ದಿತು. ಹೆಂಡತಿ ಎಂದರೆ ಯಾರು ಎಂದು ಆಗ ಯಾರೂ ಬಹಳ ಕೆದಕಲಿಲ್ಲ.

ಕೆದಕಿದುದು 1913ರ ಮಾರ್ಚ್ 14ರಂದು. ಹಸನ್ ಈಸಪ್ ಎಂಬಾತನ ಪತ್ನಿ ಬಾಯಿ ಮರಿಯಮ್ ಎಂಬಾಕೆಗೆ ಅಧಿಕಾರಿಗಳು ಪ್ರವೇಶವನ್ನು ನಿರಾಕರಿಸಿದ್ದರು. ವ್ಯಾಜ್ಯವು ಕೇಪ್ ಪ್ರಾಂತದ ಉಚ್ಚ ನ್ಯಾಯಾಲಯಕ್ಕೆ ಹೋಗಲಾಗಿ, ನ್ಯಾಯಮೂರ್ತಿ ಸರ್ಲ್ ಎಂಬವರು ಅಧಿಕಾರಿಗಳ ಪಕ್ಷವನ್ನೇ ಎತ್ತಿಹಿಡಿದರು. ಅವರ ತರ್ಕವನ್ನು ವಾಚಕರು ಗಮನವಿಟ್ಟು ನೋಡಬೇಕು. ಈ ಮನುಷ್ಯನಿಗೆ ಎಷ್ಟು ಮಂದಿ ಹೆಂಡತಿಯರಿದ್ದಾರೆ ಎಂಬುದು ಅಲ್ಲಿ ಮುಖ್ಯವಲ್ಲ. ಯಾವ ಮತವು ಎರಡನೆಯ ವಿವಾಹಕ್ಕೆ ಅವಕಾಶ ಕೊಡುವುದೋ ಆ ಮತದ ವಿಧಿಯಂತೆ ನಡೆದ ಮೊದಲನೆಯ ವಿವಾಹವೂ ಈ ದೇಶದ ಕಾನೂನಿನ ಕಣ್ಣಿಗೆ ವಿವಾಹವಲ್ಲ! ಏಕಪತ್ನೀವ್ರತಸ್ಥನಾದವನ ಹೆಂಡತಿಯೂ, ಅವನು ಹಿಂದುವಾಗಲಿ ಮುಸಲ್ಮಾನನಾಗಲಿ ಪಾರಸಿಯಾಗಲಿ, ಹೆಂಡತಿಯಲ್ಲವೆಂದಾಯಿತು. ಕ್ರೈಸ್ತ ವಿಧಿಯಿಂದಲೋ ಸರಕಾರದ ನೋಂದಣಿಯಿಂದಲೋ ಆದುದು ಮಾತ್ರ ವಿವಾಹ.

ನ್ಯಾಯಮೂರ್ತಿಗಳಿಗೆ ದ್ವೇಷವನ್ನು ಹೊರಿಸಿ ಸುಮ್ಮನಾಗುವುದು ಸುಲಭ, ಅದು ಚರಿತ್ರೆಯಾಗದು. 1866ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಅಮೆರಿಕದ ಮಾರ್ಮನ್ ಪಂಥದವರ ವ್ಯಾಜ್ಯದಲ್ಲಿ, ಒಬ್ಬ ಪುರುಷನೂ ಒಬ್ಬ ಸ್ತ್ರೀಯೂ ಅನ್ಯರಿಲ್ಲದಂತೆ ಜೀವಮಾನಪರ್ಯಂತ ಕೂಡುವುದೇ ವಿವಾಹವೆಂದು ಲಕ್ಷಣ ಹೇಳಿಬಿಟ್ಟಿದ್ದಿತು. ಅಂತಹ ಲಕ್ಷಣವು ಸಾಮ್ರಾಜ್ಯದ ನ್ಯಾಯಾಲಯಗಳಲ್ಲೆಲ್ಲ ತಿರುಗಾಡುತ್ತಿದ್ದಿತು. ನಮ್ಮ ಧರ್ಮಶಾಸ್ತ್ರವೂ ಬಹುಪತ್ನೀತ್ವವನ್ನು ನಿಷೇಧಿಸಿರಲಿಲ್ಲವೆಂಬುದನ್ನು ನಾವು ಮರೆಮಾಡಬೇಕಾದುದಿಲ್ಲ. ಹಿಂದೂಗಳಿಗೆ ಅದು ಕಾನೂನಿನಿಂದ ನಿಂತುದು 1955ರಲ್ಲಿ. ಆದರೆ ಲಕ್ಷಣದಲ್ಲಿ ಅವ್ಯಾಪ್ತಿ ಎಂಬ ದೋಷವುಂಟೆಂದು ತರ್ಕವನ್ನು ಓದಿದ ಬಾಲಕನೂ ಬಲ್ಲನು. ಯಾವ ಲಕ್ಷಣವು ಲಕ್ಷಾಂತರ ಗೃಹಿಣಿಯರನ್ನು ಗೃಹಿಣೀಪದದಿಂದ ಹೊರದೂಡುವುದೋ ಅದರಲ್ಲಿ ದೋಷವಿರಬೇಕಾದುದು ಲಕ್ಷಣದಲ್ಲಿಯೋ ಗೃಹಿಣಿಯರಲ್ಲಿಯೋ?

ಆ ವರ್ಷವೇ ದಕ್ಷಿಣ ಆಫ್ರಿಕ ಒಕ್ಕೂಟದ ಹೊಸ ವಲಸೆ ಶಾಸನವೂ ಬಂದಿತು. ಪಾರ್ಲಿಮೆಂಟಿನಲ್ಲಿ ಒಂದು ತಿದ್ದುಪಡಿಯಾಗಿ, ಯಾವುದೇ ಮತವಿಧಿಯಿಂದ ಹೊರದೇಶದಲ್ಲಾದ ಏಕಪತ್ನೀ ವಿವಾಹವನ್ನು ಒಪ್ಪುವಂತೆ ಬರೆದರೂ, ಎರಡನೆಯ ವಿವಾಹಕ್ಕೆ ಅವಕಾಶವುಳ್ಳ ಮತದಲ್ಲಿ ಏಕಪತ್ನೀ ವಿವಾಹವೇ ಇರಲಾರದೆಂಬ ಹಳೆಯ ತರ್ಕವು ಹಾಗೆಯೇ ಉಳಿಯಿತು. ಒಂದು ಕೈಯಿಂದ ಕೊಟ್ಟು ಮತ್ತೊಂದರಿಂದ ತೆಗೆದುಕೊಂಡಂತಾಯಿತು.

ಗಾಂಧಿಯವರು ಅಂದಿಗೆ ಅಲ್ಲಿ ಇಪ್ಪತ್ತು ವರ್ಷ ಹೋರಾಡಿದ್ದರು. ಸ್ತ್ರೀಯರನ್ನು ಮಾತ್ರ ಸೆರೆಮನೆಗೆ ಕಳುಹಿಸಿರಲಿಲ್ಲ. ಈ ತೀರ್ಪಿನ ತರುವಾಯ ತಡೆಯುವುದಕ್ಕೆ ಅವರಿಗೆ ಮುಖವಿರಲಿಲ್ಲ, ಏಕೆಂದರೆ ಅವಮಾನವು ನೇರವಾಗಿ ಸ್ತ್ರೀಯರದೇ ಆಗಿದ್ದಿತು. ಫೀನಿಕ್ಸ್ ಆಶ್ರಮದ ಇತರ ಹೆಂಗಸರೊಡನೆ ಅವರು ಈ ಮಾತನ್ನಾಡುತ್ತಿದ್ದುದನ್ನು ಕಸ್ತೂರಬಾ ಕೇಳಿಸಿಕೊಂಡು, ತನಗೇಕೆ ಹೇಳಲಿಲ್ಲ, ಸೆರೆಮನೆಗೆ ತಾನೇನು ಅಯೋಗ್ಯಳೇ ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡರೆಂದು ಗಾಂಧಿಯವರೇ ಬರೆದಿದ್ದಾರೆ. ಹದಿಮೂರನೆಯ ವಯಸ್ಸಿನಲ್ಲಿ ಪೋರಬಂದರದಲ್ಲಿ ಕೈಹಿಡಿದು ಮೂವತ್ತು ವರ್ಷ ಸಂಸಾರ ಮಾಡಿದ ಆ ತಾಯಿಗೆ, ಯಾರೋ ಒಬ್ಬ ಪರದೇಶೀ ನ್ಯಾಯಾಧೀಶನು ನೀನು ಹೆಂಡತಿಯಲ್ಲವೆಂದರೆ ಹೇಗಾಗಿರಬೇಕು! 1913ರ ಸೆಪ್ಟೆಂಬರ್ 15ರಂದು 16 ಮಂದಿಯ ತಂಡವು ಫೀನಿಕ್ಸಿನಿಂದ ಹೊರಟಿತು. ಅದರಲ್ಲಿ ಕಸ್ತೂರಬಾ ಸೇರಿ ನಾಲ್ವರು ಸ್ತ್ರೀಯರು. ಅನುಮತಿಯಿಲ್ಲದೆ ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿದುದಕ್ಕಾಗಿ 23ನೆಯ ತಾರೀಖು ಮೂರು ತಿಂಗಳ ಕಠಿಣ ಸಜೆಯಾಯಿತು. ಮಾರಿಟ್ಸ್‌ಬರ್ಗಿನ ಸೆರೆಯಿಂದ ಹೊರಬಂದಾಗ ಕಸ್ತೂರಬಾ ಎಲುಬಿನ ಹಂದರದಂತಾಗಿದ್ದರು.

ಇತ್ತ ಟ್ರಾನ್ಸ್‌ವಾಲಿನಿಂದ 11 ಮಂದಿ ಸ್ತ್ರೀಯರು, ಬಹುತೇಕ ತಮಿಳರು, ಕೆಲವರು ಹಸುಗೂಸುಗಳನ್ನೆತ್ತಿಕೊಂಡೇ, ಎದುರು ದಿಕ್ಕಿಗೆ ನಡೆದು ನ್ಯೂಕ್ಯಾಸಲ್ಲಿನ ಕಲ್ಲಿದ್ದಲ ಗಣಿಗಳನ್ನು ಮುಟ್ಟಿದರು. ಕರಾರು ಮುಗಿದ ಕೂಲಿಗಳ ಮೇಲೆ ವರ್ಷಕ್ಕೆ 3 ಪೌಂಡುಗಳ ತಲೆಗಂದಾಯವಿದ್ದಿತು, ಹೆಂಗಸರಿಗೂ ತಪ್ಪಿರಲಿಲ್ಲ. ಈ ಸ್ತ್ರೀಯರ ಮಾತನ್ನು ಕೇಳಿ ಗಣಿಯ ಕೂಲಿಗಳು ಕೆಲಸ ಬಿಟ್ಟರು. ನವೆಂಬರ್ 6ರಂದು ಗಾಂಧಿಯವರ ಹಿಂದೆ ಹೊರಟವರ ಲೆಕ್ಕ 2,037 ಗಂಡಸರು, 127 ಹೆಂಗಸರು, 57 ಮಕ್ಕಳು. ವಿವಾಹದ ಪ್ರಶ್ನೆಯು ವರ್ತಕರ ಮನೆಯ ಪ್ರಶ್ನೆಯಾಗಿಯೇ ಉಳಿದಿದ್ದರೆ ಸರಕಾರವು ಮಣಿಯುತ್ತಿತ್ತೋ ಇಲ್ಲವೋ. ಕೂಲಿಯ ಹೊಟ್ಟೆಯ ಪ್ರಶ್ನೆಯೂ ಗೃಹಿಣಿಯ ಮಾನದ ಪ್ರಶ್ನೆಯೂ ಕೂಡಿಕೊಂಡುದೇ ಅದರ ಬಲವಾಯಿತೆಂದು ನನ್ನ ಅಭಿಪ್ರಾಯ. ವಲ್ಲಿಯಮ್ಮ ಎಂಬ ಹದಿನಾರರ ಹುಡುಗಿ ಸೆರೆಯಿಂದ ಜ್ವರವನ್ನು ಹೊತ್ತುತಂದು 1914ರ ಫೆಬ್ರವರಿ 22ರಂದು ತೀರಿಕೊಂಡಳು. ಆಕೆಗೆ ಇನ್ನೂ ಮದುವೆಯೇ ಆಗಿರಲಿಲ್ಲ.

1914ರ ಜೂನ್ ತಿಂಗಳಲ್ಲಿ ಭಾರತೀಯರ ಪರಿಹಾರ ಶಾಸನವು ಬಂದಿತು. ತಲೆಗಂದಾಯವು ಹೋಯಿತು. ಭಾರತೀಯ ಮತಗಳ ಪುರೋಹಿತರನ್ನು ವಿವಾಹಾಧಿಕಾರಿಗಳಾಗಿ ನೇಮಿಸಬಹುದೆಂದಾಯಿತು. ಈ ಮೊದಲೇ ಆಗಿದ್ದ ಏಕಪತ್ನೀ ವಿವಾಹವನ್ನು ದಂಪತಿಗಳು ನೋಂದಾಯಿಸಿಕೊಳ್ಳಲು ದಾರಿಯಾಯಿತು; ಅಲ್ಲಿ ಮತ್ತೊಬ್ಬ ಹೆಂಡತಿ ಇಲ್ಲದವನು ತನ್ನ ಪತ್ನಿಯನ್ನೂ ಹದಿನಾರು ತುಂಬದ ಮಕ್ಕಳನ್ನೂ ಕರೆಸಿಕೊಳ್ಳಬಹುದಾಯಿತು. ಜುಲೈ 18ರಂದು ಗಾಂಧಿಯವರು ಕಸ್ತೂರಬಾ ಸಮೇತರಾಗಿ ಆ ದೇಶವನ್ನು ಬಿಟ್ಟರು.

ಅದೇ ಕಾಲದಲ್ಲಿ ಕೆನಡದಲ್ಲಿ ನಡೆದುದು ಬೇರೆ ಬಗೆಯ ಯುಕ್ತಿ. ಅಲ್ಲಿ ಹೆಂಡತಿಯೇ ಅಲ್ಲವೇ ಎಂದು ಯಾರೂ ಕೇಳಲಿಲ್ಲ. ಹುಟ್ಟಿದ ದೇಶದಿಂದ ಒಂದೇ ಟಿಕೇಟಿನ ಮೇಲೆ ಎಲ್ಲಿಯೂ ತಂಗದೆ ಬರಬೇಕೆಂದು 1908ರಲ್ಲಿ ಆಜ್ಞೆಯಾಯಿತು. ಹಾಗೆ ಬರಲು ಟಿಕೇಟನ್ನು ಮಾತ್ರ ಮಾರುವವರಿರಲಿಲ್ಲ. ವ್ಯಾಂಕೂವರಿನ ಗುರುದ್ವಾರದ ಮುಖಂಡರಾದ ಭಾಗ್ ಸಿಂಗ್, ಬಲವಂತ್ ಸಿಂಗ್ ಎಂಬಿಬ್ಬರು ಪಂಜಾಬಿನಿಂದ ಸಂಸಾರವನ್ನು ಕರೆತಂದಾಗ, 1912ರಲ್ಲಿ ಗಂಡಂದಿರಿಗೆ ಇಳಿಯಲು ಅಪ್ಪಣೆ, ಹೆಂಡತಿ ಮಕ್ಕಳಿಗೆ ಗಡೀಪಾರಿನ ಆಜ್ಞೆ! ಬಹಳ ಗದ್ದಲವಾದ ಮೇಲೆ, ಇದು ಹಕ್ಕಲ್ಲ, ಕೃಪೆ, ಮುಂದಿನವರಿಗೆ ಮೇಲ್ಪಂಕ್ತಿಯಲ್ಲ ಎಂದು ಹೇಳಿ ಉಳಿಸಿದರು.

1918ರಲ್ಲಿ ಲಂಡನ್ನಿನ ಸಾಮ್ರಾಜ್ಯ ಸಮ್ಮೇಲನವು, ಸತ್ಯೇಂದ್ರಪ್ರಸನ್ನ ಸಿಂಹರು ಭಾರತದ ಪರವಾಗಿ ಕುಳಿತಿದ್ದಾಗ, ವಸಾಹತುಗಳಲ್ಲಿ ಸ್ಥಿರವಾಗಿ ನೆಲೆಸಿದ ಭಾರತೀಯರು ಒಬ್ಬ ಹೆಂಡತಿಯನ್ನೂ ಅವಳ ಎಳೆಯ ಮಕ್ಕಳನ್ನೂ ಕರೆಸಿಕೊಳ್ಳಬಹುದೆಂದು ನಿರ್ಣಯಿಸಿತು. ಕೆನಡವು ಮರುವರ್ಷ ಅದನ್ನು ಆಚರಣೆಗೆ ತಂದಿತು. ಆದರೆ ನಿರ್ಣಯದ ಬಾಲದಲ್ಲಿ ಒಂದು ಷರತ್ತು: ಈಕೆಯೇ ಆತನ ಧರ್ಮಪತ್ನಿಯೆಂದು ಭಾರತ ಸರಕಾರವು ಪ್ರಮಾಣಪತ್ರ ಕೊಡಬೇಕು. ನಮ್ಮ ಹಳ್ಳಿಗಳಲ್ಲಿ ವಿವಾಹಕ್ಕೆ ದಫ್ತರವೆಲ್ಲಿದ್ದಿತು? ಲಾಜಾಹೋಮವನ್ನು ಕಂಡ ಬಂಧುಗಳು, ಸಪ್ತಪದಿಯನ್ನು ನಡೆಸಿದ ಪುರೋಹಿತ, ಅರುಂಧತಿಯನ್ನು ತೋರಿಸಿದ ಆಕಾಶ, ಇವೇ ಸಾಕ್ಷಿ. ಊರಿನ ಸೀಮೆಯೊಳಗೆ ಇಷ್ಟು ಧಾರಾಳವಾಗಿ ಸಾಕಾಗಿದ್ದಿತು. ನನ್ನ ತಮ್ಮನ ಮಗಳು ಕೈಯಲ್ಲಿ ಹಿಡಿದ ಕಾಗದದ ವಂಶಾವಳಿಯಲ್ಲಿ ಈ ಷರತ್ತೂ ಒಂದು ತಲೆಮಾರು.

ತೆರೆದ ಬಾಗಿಲು ತೆರೆದೇ ಉಳಿಯಲಿಲ್ಲ. 1927ರಲ್ಲಿ ಭಾರತ ಸರಕಾರದ ಮೊದಲ ಪ್ರತಿನಿಧಿಯಾಗಿ ದಕ್ಷಿಣ ಆಫ್ರಿಕಕ್ಕೆ ಹೋದವರು ಶ್ರೀನಿವಾಸ ಶಾಸ್ತ್ರಿಗಳು; ಒಂದು ಕಾಲಕ್ಕೆ ತಿರುವಲ್ಲಿಕ್ಕೇಣಿಯ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರೆಂಬುದನ್ನು ಉಪಾಧ್ಯಾಯನಾದ ನಾನು ಹೇಳದೆ ಬಿಡಲಾರೆ. ಅವರ ವಾಗ್ಮಿತೆಯೂ ಮುಂದೆ ಬರಲಿದ್ದುದನ್ನು ತಡೆಯಲಾಗಲಿಲ್ಲ. ವರ್ಣಭೇದದ ಸರಕಾರವು 1953ರ ತಿದ್ದುಪಡಿಯಿಂದ, ಅಲ್ಲಿಯ ಭಾರತೀಯರು ಭಾರತದಿಂದ ವಧುವನ್ನು ತರುವ ಹಕ್ಕನ್ನೇ ಕಿತ್ತುಕೊಂಡಿತು. ಆ ಸರಕಾರವು ಅಳಿದು ಪ್ರಜಾಪ್ರಭುತ್ವವು ಬಂದುದು 1994ರಲ್ಲಿ. ಇಸ್ಲಾಮೀ ವಿಧಿಯ ವಿವಾಹಗಳನ್ನು ಗುರುತಿಸದ ಅಲ್ಲಿಯ ವಿವಾಹಶಾಸನವು ಅಷ್ಟರಮಟ್ಟಿಗೆ ಸಂವಿಧಾನಕ್ಕೆ ವಿರುದ್ಧವೆಂದು ಆ ದೇಶದ ಸಂವಿಧಾನ ನ್ಯಾಯಾಲಯವು ತೀರ್ಪಿತ್ತುದು 2022ರ ಜೂನ್ 28ರಂದು. ಬಾಯಿ ಮರಿಯಮ್ ಬಾಗಿಲಲ್ಲಿ ನಿಂತು ಅಂದಿಗೆ 109 ವರ್ಷಗಳಾಗಿದ್ದವು.

ನಮ್ಮ ಹುಡುಗಿಯ ಕಾಗದಗಳು ಒಂಬತ್ತು ತಿಂಗಳಿಗೆ ಕೈಗೂಡಿದವು. ನೋಂದಣಿಯ ಪತ್ರದಲ್ಲಿ ಸಾಕ್ಷಿಗಳ ಸಾಲಿನಲ್ಲಿ ಮೊದಲನೆಯ ಸಹಿ ನನ್ನದು. ಪುರೋಹಿತರು ತಮ್ಮ ಹೇಳಿಕೆಯ ಅಂಚಿನಲ್ಲಿ ಎರಡೂ ಮನೆಯ ಗೋತ್ರಪ್ರವರಗಳನ್ನು ಸಣ್ಣಕ್ಷರದಲ್ಲಿ ಬರೆದೇ ಬಿಟ್ಟಿದ್ದರು. ಆ ಕಚೇರಿಯವರು ಅದಕ್ಕೆ ಯಾವ ಆಕ್ಷೇಪಣೆಯನ್ನೂ ತೆಗೆಯಲಿಲ್ಲ.