ಪ್ರತಿ, ಬೀಗ ಮತ್ತು ಗ್ರಂಥದ ಆಯುಷ್ಯ

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ ಸಂಗತಿ. ತಾಳೆಗರಿ ಅಳಿದರೂ ಕೃತಿ ಉಳಿಯುವುದು ಪ್ರತಿಯಿಂದ ಪ್ರತಿಗೆ ಸಾಗಿದಾಗಲೇ. ವಿದ್ಯುನ್ಮಾನ ಗ್ರಂಥಗಳಿಗೆ ಹಾಕುವ ನಕಲುತಡೆಯ ಬೀಗವು ಈ ಪರಂಪರೆಯನ್ನೇ ತುಂಡರಿಸುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ವಿದ್ಯುನ್ಮಾನ ಪುಸ್ತಕದಂಗಡಿಯನ್ನು ಮುಚ್ಚಿದಾಗ ಕೊಂಡವರಿಗೆ ಹಣ ಮರಳಿತು, ಪುಸ್ತಕ ಉಳಿಯಲಿಲ್ಲ.

ಕನ್ನಡಕ್ಕೆ ಲಿಪಿಸಂಕೇತದ ತೊಡಕೂ ಇದೆ. 1991ರಲ್ಲಿಯೇ ಯೂನಿಕೋಡ್ ಕನ್ನಡಕ್ಕೆ ಸ್ಥಾನವಿತ್ತರೂ ಮುದ್ರಣಾಲಯಗಳು ಬಹುಕಾಲ ಶ್ರೀಲಿಪಿ, ನುಡಿ ಮೊದಲಾದವುಗಳ ಸ್ವಂತ ಸಂಕೇತಗಳನ್ನೇ ಬಳಸಿದವು. ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ಅಂಥ ಕಡತವು ಅರ್ಥಹೀನ ಚಿಹ್ನೆಗಳ ರಾಶಿ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಸಂಘಗಳ ಸ್ಮರಣಸಂಚಿಕೆಗಳು ಹೊರನಾಡಿನ ಇತಿಹಾಸಕ್ಕೆ ಆಕರಗಳು. ಅವುಗಳ ಕಡತಗಳು ಯೂನಿಕೋಡಿಗೆ ಪರಿವರ್ತಿತವಾಗಿ, ಬೀಗವಿಲ್ಲದ ಇ-ಪಬ್ ರೂಪದಲ್ಲಿ, ಹಲವು ಗ್ರಂಥಾಲಯಗಳಲ್ಲಿ ನೆಲೆಗೊಳ್ಳಬೇಕಾಗಿದೆ.