ಬೆಕ್ಕಿನ ಹಾಸು, ಮಲ್ಲಿಗೆ ಬುಡ: ಗೊಬ್ಬರದ ಒಂದು ಹಳೇ ಲೆಕ್ಕ

ನಮ್ಮ ಅಪ್ಸರಕೊಂಡದ ಕಡೆಗೂ ಈಗ ಪೇಟೆಯಿಂದ ಬರೋ ಮಕ್ಕಳ ಜೊತೆ ಮನೆಯೊಳಗೇ ಸಾಕುವ ಬೆಕ್ಕು ಬರ್ತಾ ಇದೆ. ಅದರ ಟ್ರೇಗೆ ಹಾಸೋಕೆ ‘ಲಿಟರ್’ ಅನ್ನೋ ಪುಡಿ ಚೀಲವೂ ಬರ್ತದೆ. “ಇದು ಕೊಳೆಯೋ ಜಾತಿಯಂತೆ, ಮಲ್ಲಿಗೆ ಬುಡಕ್ಕೆ ಹಾಕಬಹುದಾ?” ಅಂತ ಕೆಲವರು ಕೇಳಿದ್ರು. ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋದು ಕಷ್ಟ. ಹಿಂದಿನ ಕತೆ ಸ್ವಲ್ಪ ನೋಡಬೇಕು.

ಪ್ರಾಣಿ ಕೆಳಗೆ ಹಾಸಿದ್ದನ್ನೇ ಗೊಬ್ಬರ ಮಾಡೋದು ನಮ್ಮ ಜಿಲ್ಲೆಗೆ ಹೊಸದಲ್ಲ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು ಕೊಟ್ಟಿಗೆಗೆ ಹಾಸ್ತಿದ್ರು. ದನ ತುಳಿದು, ಗಂಜಳ ಹೀರಿದ ಮೇಲೆ ಅದು ಗೊಬ್ಬರ ಗುಂಡಿಗೆ ಹೋಗ್ತಿತ್ತು. ಬ್ರಿಟಿಷರ ಕಾಲದಲ್ಲಿ ಅಡಿಕೆ ತೋಟಕ್ಕೆ ಅಂತಲೇ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ರು, ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೂ. ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಇಂದೋರ್‌ನಲ್ಲಿ ಕೆಲಸ ಮಾಡಿ 1931ರಲ್ಲಿ ಪುಸ್ತಕವಾಗಿ ಬರೆದ ‘ಇಂದೋರ್ ಪದ್ಧತಿ’ಯಲ್ಲೂ ಕೊಟ್ಟಿಗೆ ಹಾಸು, ಸಗಣಿ, ಗಂಜಳದ ಮಣ್ಣೇ ಮುಖ್ಯ.

ಬೆಕ್ಕಿಗೆ ಮಾತ್ರ ಯಾರೂ ಏನೂ ಹಾಸಲಿಲ್ಲ. ಅದು ಬೂದಿ ಗುಡ್ಡೆಯಲ್ಲೋ ಮರಳಲ್ಲೋ ಕೆರೆದು ಮುಚ್ಚಿ ಬರ್ತಿತ್ತು. ಅಮೆರಿಕದಲ್ಲೂ ಮನೆಯೊಳಗಿನ ಬೆಕ್ಕಿಗೆ ಬೂದಿ, ಮರಳೇ ಇಡ್ತಿದ್ರು. 1947ರಲ್ಲಿ ಮಿಷಿಗನ್‌ನ ಎಡ್ವರ್ಡ್ ಲೋ ಅನ್ನುವವನು ನೆರೆಮನೆಯಾಕೆಗೆ ಮರಳಿನ ಬದಲು ನೀರು ಹೀರುವ ಒಣ ಜೇಡಿಯ ಹರಳು ಕೊಟ್ಟ. ಆಕೆಗೆ ಹಿಡಿಸಿತು. ಆಮೇಲೆ ಅದನ್ನೇ ಚೀಲಕ್ಕೆ ತುಂಬಿ ಮಾರಿದ. 1980ರ ದಶಕದಲ್ಲಿ ಉಚ್ಚೆ ಬಿದ್ದಲ್ಲಿ ಗಟ್ಟಿಯಾಗುವ ಬೆಂಟೋನೈಟ್ ಜೇಡಿ ಬಂತು. ಜೇಡಿ ಕೊಳೆಯೋದಿಲ್ಲ, ಹಾಗಾಗಿ ಬೆಕ್ಕಿನ ಹಾಸು ಕಸದ ತೊಟ್ಟಿಗೇ ಹೋಯ್ತು. ಈಗ ಮರದ ಪುಡಿ, ಮೆಕ್ಕೆಜೋಳ, ಸೋಯಾ ಸಿಪ್ಪೆಯಿಂದ ಮಾಡಿದ್ದು ಬರ್ತಿರೋದರಿಂದ ಗೊಬ್ಬರದ ಪ್ರಶ್ನೆ ಎದ್ದಿದೆ.

ಆದ್ರೆ ಕೊಳೆಯೋದು ಬೇರೆ, ರೋಗ ಸಾಯೋದು ಬೇರೆ. ದನ ಹುಲ್ಲು ತಿನ್ನೋದು, ಬೆಕ್ಕು ಇಲಿ ತಿನ್ನೋದು. ಟೊಕ್ಸೊಪ್ಲಾಸ್ಮಾ ಅನ್ನೋ ಸೂಕ್ಷ್ಮ ಜೀವಿಯನ್ನು 1908ರಲ್ಲೇ ಕಂಡುಹಿಡಿದಿದ್ರು. ಅದು ಬೆಕ್ಕಿನ ಮಲದಿಂದ ಹರಡ್ತದೆ ಅಂತ ಖಚಿತ ಆಗಿದ್ದು 1970ರ ಹೊತ್ತಿಗೆ. ಮಲ ಬಿದ್ದು ಒಂದರಿಂದ ಐದು ದಿನದಲ್ಲಿ ಅದರ ಮೊಟ್ಟೆ ರೋಗ ತರುವಷ್ಟು ಬಲೀತದೆ. ತೇವದ ಮಣ್ಣಲ್ಲಿ ವರ್ಷಕ್ಕೂ ಮೀರಿ ಬದುಕ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರ? ಹೆಚ್ಚಿನವರಿಗೆ ಇದರಿಂದ ಏನೂ ತಿಳಿಯೋದಿಲ್ಲ. ಆದ್ರೆ ಬಸುರಿಗೆ ಮೊದಲ ಸಲ ತಗುಲಿದ್ರೆ ಹೊಟ್ಟೆಯ ಮಗುವಿನ ಕಣ್ಣು, ಮಿದುಳಿಗೆ ಪೆಟ್ಟಾಗಬಹುದು. ಮಲ್ಲಿಗೆ ಬುಡ ಕೆದಕೋದು, ಮೊಗ್ಗು ಕೊಯ್ಯೋದು, ದಂಡೆ ಕಟ್ಟೋದು ನಮ್ಮಲ್ಲಿ ಹೆಚ್ಚಾಗಿ ಹೆಂಗಸರೇ ಅನ್ನೋದನ್ನ ಮರೀಬೇಡಿ.

ಇಂಥ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಹಿಂದೆ ಉತ್ತರ ಹುಡುಕಿದ್ರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಪೇಟೆ ಕಸ ಮತ್ತು ಮನುಷ್ಯರ ಮಲ ಸೇರಿಸಿ ಗೊಬ್ಬರ ಮಾಡೋ ವಿಧಾನ ರೂಪಿಸಿದ್ರು. ‘ಬೆಂಗಳೂರು ಪದ್ಧತಿ’ ಅಂತಲೇ ಅದಕ್ಕೆ ಹೆಸರು. ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಕಸ ಒಂದು ಪದರ, ಮಲ ಒಂದು ಪದರ ಹಾಕಿ, ಮೇಲೆ ಮಣ್ಣು ಮುಚ್ಚಿ ಆರರಿಂದ ಎಂಟು ತಿಂಗಳು ಮುಟ್ಟದೆ ಬಿಡೋದು. ಒಳಗಿನ ಬಿಸಿ ಮತ್ತು ಸಮಯ, ಇವೆರಡೇ ರೋಗ ಕೊಲ್ಲೋದು.

ಆದ್ರೆ ಅದು ಲೋಡುಗಟ್ಟಲೆ ಕಸದ ಗುಂಡಿ. ಒಂದು ಬೆಕ್ಕಿನ ಟ್ರೇ ಎಷ್ಟು ಬಿಸಿ ಕೊಟ್ಟೀತು? ಸಣ್ಣ ಗುಂಡಿಯ ಅಂಚು ತಣ್ಣಗೇ ಇರ್ತದೆ. ಅದಕ್ಕೇ ನನ್ನ ಸಲಹೆ ಇಷ್ಟು:

ಜೇಡಿ ಲಿಟರ್ ಗೊಬ್ಬರಕ್ಕೆ ಬೇಡವೇ ಬೇಡ. ಕೊಳೆಯೋ ಜಾತಿಯಾದ್ರೆ ಮಲವನ್ನು ದಿನಾ ಬೇರೆ ತೆಗೆದು, ಬಾವಿ, ಹಳ್ಳದಿಂದ ದೂರ ಆಳವಾಗಿ ಹೂಳಿ. ಉಚ್ಚೆ ನೆನೆದ ಪುಡಿಯನ್ನು ಮಾತ್ರ ಸಗಣಿ, ಹಸಿ ಸೊಪ್ಪಿನ ಜೊತೆ ಬೇರೆಯದೇ ಗುಂಡಿಗೆ ಹಾಕಿ. ಗುಂಡಿ ಎತ್ತರದ ಜಾಗದಲ್ಲಿರಲಿ, ಮಳೆಗೆ ಮೇಲೆ ಮುಚ್ಚಿಗೆ ಇರಲಿ. ಕಡೇ ಸಲ ಹಾಕಿದ ಮೇಲೆ ಎರಡು ಮಳೆಗಾಲ ಕಳೀಲಿ. ಆಮೇಲೂ ದಾಸವಾಳ, ಮಲ್ಲಿಗೆಯಂಥ ಹೂವಿನ ಬುಡಕ್ಕೇ ಹಾಕಿ ಮೇಲೆ ಮಣ್ಣೆಳೆಯಿರಿ. ಬಸಳೆ, ಹರಿವೆ ಪಾತಿ ಹತ್ತಿರ ಬೇಡ. ಕೈಗೆ ಗ್ಲೌಸ್ ಇರಲಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೀರಿ. ಮನೇಲಿ ಬಸುರಿ ಇದ್ರೆ ಟ್ರೇ, ಗುಂಡಿ ಎರಡೂ ಗಂಡಸರ ಕೆಲಸ.

ಇಷ್ಟೆಲ್ಲ ರಗಳೆ ಬೇಡ ಅನ್ನೋರು ಮಲ್ಲಿಗೆಗೆ ಕೊಟ್ಟಿಗೆ ಗೊಬ್ಬರವನ್ನೇ ಹಾಕಿ. ಅದರಿಂದ ಹೂವಿಗೇನೂ ಕಮ್ಮಿ ಆಗೋದಿಲ್ಲ.