ಅವಗೆಂಪು ಕಿರಣಗಳು: ಶೋಧ ಮತ್ತು ಬಳಕೆಯ ಇತಿಹಾಸ

ಅವಗೆಂಪು ಕಿರಣಗಳು: ದೃಶ್ಯ ರೋಹಿತದ ಕೆಂಪು ಅಂಚಿನಿಂದಾಚೆಗೆ, ಸುಮಾರು 0.7 ಮೈಕ್ರೋಮೀಟರ್‌ನಿಂದ 1 ಮಿಲಿಮೀಟರ್‌ವರೆಗಿನ ತರಂಗಾಂತರದಲ್ಲಿ ಹರಡಿರುವ ವಿದ್ಯುತ್ಕಾಂತೀಯ ವಿಕಿರಣ. ಅತಿಗೆಂಪು, ಇನ್‌ಫ್ರಾರೆಡ್ ಎಂಬ ಹೆಸರುಗಳೂ ಬಳಕೆಯಲ್ಲಿವೆ. ‘ಅವ’ ಎಂದರೆ ಕೆಳಗೆ. ಇವುಗಳ ಆವೃತ್ತಿ ಕೆಂಪು ಬೆಳಕಿನ ಆವೃತ್ತಿಗಿಂತ ಕಡಿಮೆ. ಕಣ್ಣಿನ ಅಕ್ಷಿಪಟದ ಕೋಶಗಳನ್ನು ಪ್ರಚೋದಿಸುವಷ್ಟು ಶಕ್ತಿ ಇವಕ್ಕಿಲ್ಲ. ಆದರೆ ಚರ್ಮಕ್ಕೆ ಇವು ಬಿಸಿಯಾಗಿ ತಿಳಿಯುತ್ತವೆ. ಒಲೆಯ ಮುಂದೆ ಕುಳಿತವರ ಮುಖಕ್ಕೆ ತಾಗುವ ಝಳ ಬಹುಪಾಲು ಇದೇ. ಈ ಬಿಸಿಯನ್ನು ಮೊದಲು ಅಂಕಿಯಾಗಿ, ಅನಂತರ ಚಿತ್ರವಾಗಿ ಮಾರ್ಪಡಿಸಿದ ಪ್ರಯತ್ನಗಳೇ ಇವುಗಳ ಇತಿಹಾಸ.

ಶೋಧ

ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ 1800ರಲ್ಲಿ ಇಂಗ್ಲೆಂಡಿನ ಸ್ಲೌ ಊರಿನಲ್ಲಿ ಈ ಕಿರಣಗಳನ್ನು ಗುರುತಿಸಿದ. ಬಣ್ಣದ ಗಾಜುಗಳ ಮೂಲಕ ಸೂರ್ಯನನ್ನು ನೋಡುವಾಗ ಒಂದೊಂದು ಗಾಜಿನಲ್ಲಿ ಒಂದೊಂದು ಪ್ರಮಾಣದ ಬಿಸಿ ಅವನ ಅನುಭವಕ್ಕೆ ಬಂದಿತ್ತು. ಕಾರಣ ತಿಳಿಯಲು ಬಿಸಿಲನ್ನು ಪಟ್ಟಕದಿಂದ ಒಡೆದು, ಕಪ್ಪು ಬಳಿದ ಬುರುಡೆಯ ಉಷ್ಣಮಾಪಕವನ್ನು ಪ್ರತಿ ಬಣ್ಣದಲ್ಲೂ ಇಟ್ಟ. ಹೋಲಿಕೆಗಾಗಿ ಬೇರೆ ಉಷ್ಣಮಾಪಕಗಳನ್ನು ಬೆಳಕಿನಿಂದ ಹೊರಗಿಟ್ಟ. ನೇರಳೆಯಿಂದ ಕೆಂಪಿನ ಕಡೆಗೆ ಉಷ್ಣತೆ ಏರುತ್ತಾ ಹೋಯಿತು. ಕೆಂಪನ್ನು ದಾಟಿ, ಬೆಳಕೇ ಇಲ್ಲದ ಜಾಗದಲ್ಲಿಟ್ಟಾಗ ಪಾದರಸ ಇನ್ನೂ ಮೇಲಕ್ಕೇರಿತು. ಕಾಣದ ಕಿರಣವೊಂದು ಇದೆಯೆಂಬುದಕ್ಕೆ ದೊರೆತ ಮೊದಲ ಸಾಕ್ಷ್ಯ ಇದು.

ಅಳತೆಯಿಂದ ಚಿತ್ರಕ್ಕೆ

ಪಾದರಸ ನಿಧಾನವಾಗಿ ಏರುವ ಸಾಧನ. ಅದಕ್ಕಿಂತ ಚುರುಕಾದ ಉಷ್ಣವಿದ್ಯುತ್ ಸಾಧನಗಳನ್ನು ಇಟಲಿಯ ನೋಬಿಲಿ ಮತ್ತು ಮೆಲ್ಲೋನಿ 1830ರ ಸುಮಾರಿಗೆ ಬಳಕೆಗೆ ತಂದರು. ಕೆಲವು ಮೀಟರ್ ದೂರದಲ್ಲಿ ನಿಂತ ಮನುಷ್ಯನ ಮೈಬಿಸಿಗೂ ಅವುಗಳ ಸೂಜಿ ಅಲುಗುತ್ತಿತ್ತು. ಹರ್ಷೆಲ್‌ನ ಮಗ ಜಾನ್ ಹರ್ಷೆಲ್ 1840ರಲ್ಲಿ ಮಸಿ ಹಚ್ಚಿದ ಕಾಗದವನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ ಸೂರ್ಯನ ರೋಹಿತಕ್ಕೆ ಒಡ್ಡಿದ. ಬಿಸಿ ಹೆಚ್ಚಾಗಿ ಬಿದ್ದ ಕಡೆ ಕಾಗದ ಬೇಗ ಒಣಗಿ, ಉಷ್ಣದ ಚಿತ್ರವೊಂದು ಮೂಡಿತು. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ 1880ರ ವೇಳೆಗೆ ರೂಪಿಸಿದ ಬೋಲೋಮೀಟರ್‌ನಲ್ಲಿ ತೆಳು ಲೋಹದ ಪಟ್ಟಿಯ ವಿದ್ಯುತ್ ರೋಧ ಬಿಸಿಗೆ ತಕ್ಕಂತೆ ಬದಲಾಗುತ್ತಿತ್ತು. ಇಂದಿನ ಅನೇಕ ಥರ್ಮಲ್ ಕ್ಯಾಮೆರಾಗಳು ಇದೇ ತತ್ತ್ವವನ್ನು ಸಾವಿರಾರು ಸೂಕ್ಷ್ಮ ಬಿಂದುಗಳಲ್ಲಿ ಬಳಸುತ್ತವೆ.

ಎಲೆ ಮತ್ತು ಬೆಳೆ

ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಪ್ರಕಟಿಸಿದ ಅವಗೆಂಪು ಛಾಯಾಚಿತ್ರಗಳಲ್ಲಿ ಆಕಾಶ ಕಪ್ಪಾಗಿ, ಮರದ ಎಲೆಗಳು ಹಿಮದಂತೆ ಬೆಳ್ಳಗೆ ಕಂಡವು. ಎಲೆಯ ಹಸಿರು ವರ್ಣಕ ಕೆಂಪು ಬೆಳಕನ್ನು ಹೀರುತ್ತದೆ. ಒಳಗಿನ ಕೋಶಗಳ ರಚನೆಯಾದರೋ ಸಮೀಪದ ಅವಗೆಂಪನ್ನು ಚದುರಿಸಿ ಹೊರಗೆ ಕಳಿಸುತ್ತದೆ. ರೋಗ ತಗುಲಿ ಆ ರಚನೆ ಕೆಟ್ಟರೆ ಈ ಹೊಳಪು ಕುಗ್ಗುತ್ತದೆ.

ಭಾರತದ ದೂರಸಂವೇದಿ ವಿಜ್ಞಾನ ಮೊಳೆತದ್ದು ಇದೇ ತಿಳಿವಿನಿಂದ. 1970ರ ಆಸುಪಾಸಿನಲ್ಲಿ ಪಿ.ಆರ್. ಪಿಶಾರೋಟಿ ಅವರ ತಂಡ ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರ್‌ನಿಂದ ಅವಗೆಂಪು ಫಿಲ್ಮಿನಲ್ಲಿ ಚಿತ್ರೀಕರಿಸಿ, ಬೇರು ಸೊರಗು ರೋಗ ತಗುಲಿದ ಮರಗಳನ್ನು ಪತ್ತೆಹಚ್ಚಲು ಯತ್ನಿಸಿತು. ಬೆಂಗಳೂರಿನಲ್ಲಿ ನಿರ್ಮಾಣಗೊಂಡು 1988ರ ಮಾರ್ಚ್ 17ರಂದು ಬೈಕನೂರಿನಿಂದ ಕಕ್ಷೆ ಸೇರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಲ್ಲೂ ಅವಗೆಂಪು ಪಟ್ಟಿಯಿತ್ತು.

ಬಣ್ಣದ ಕೆಳಗಿನ ಗೆರೆ

ಅನೇಕ ವರ್ಣದ್ರವ್ಯಗಳನ್ನು ಅವಗೆಂಪು ತೂರಿಹೋಗುತ್ತದೆ. ಇದ್ದಿಲಿನ ಇಂಗಾಲ ಅದನ್ನು ಹೀರಿಕೊಂಡು ಕಪ್ಪಾಗಿ ಕಾಣುತ್ತದೆ. 1960ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಫಾನ್ ಆಸ್ಪೆರೆನ್ ಡಿ ಬೂರ್ ಈ ವ್ಯತ್ಯಾಸವನ್ನೇ ಹಿಡಿದು, ಹಳೆಯ ಚಿತ್ರಗಳ ಬಣ್ಣದಡಿಯ ರೇಖೆಗಳನ್ನು ಓದುವ ವಿಧಾನ ರೂಪಿಸಿದ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಯಾನ್ ಫಾನ್ ಐಕ್ 1434ರಲ್ಲಿ ಬರೆದ ಆರ್ನೊಲ್ಫಿನಿ ದಂಪತಿ ಚಿತ್ರದಲ್ಲಿ ಕಲಾವಿದ ಹಲವೆಡೆ ಮೊದಲ ಗೆರೆಯನ್ನು ಬದಲಿಸಿದ್ದು ಹೀಗೆ ತಿಳಿಯಿತು. ಆರು ಶತಮಾನಗಳ ಹಿಂದಿನ ಕೈಯೊಂದು ತಡವರಿಸಿ, ತಿದ್ದಿಕೊಂಡು ಮುಂದುವರಿದದ್ದು ಈಗ ನೋಡಸಿಗುತ್ತದೆ.

ಧೂಳಿನಾಚೆಯ ಆಕಾಶ

ಆಕಾಶಗಂಗೆಯ ಕೇಂದ್ರವನ್ನು ದಟ್ಟ ಧೂಳು ಮರೆಮಾಡಿದೆ. ಸಾಮಾನ್ಯ ಬೆಳಕನ್ನು ತಡೆಯುವ ಆ ಕಣಗಳ ನಡುವೆ ದೀರ್ಘ ತರಂಗದ ಅವಗೆಂಪು ನುಸುಳಿ ಬರುತ್ತದೆ. ಖಗೋಳವಿಜ್ಞಾನಿಗಳಾದ ಬೆಕ್ಲಿನ್ ಮತ್ತು ನ್ಯೂಗೆಬೌವರ್ 1960ರ ದಶಕದಲ್ಲಿ ಈ ಮಾರ್ಗದಿಂದಲೇ ಕೇಂದ್ರವನ್ನು ಕಂಡರು. ಅಲ್ಲಿನ ತಾರೆಗಳ ಚಲನೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ, ಸುಮಾರು 40 ಲಕ್ಷ ಸೂರ್ಯರ ತೂಕದ ಅಗೋಚರ ಕಾಯವನ್ನು ಪತ್ತೆಮಾಡಿದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ 2020ರ ಭೌತವಿಜ್ಞಾನ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ವಾತಾವರಣದ ನೀರಾವಿ ಅವಗೆಂಪಿನ ಬಹುಭಾಗವನ್ನು ಹೀರುವುದರಿಂದ ಒಣ ಎತ್ತರದ ತಾಣಗಳು ಈ ವೀಕ್ಷಣೆಗೆ ತಕ್ಕವು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಅಂಥದು. ಅದನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. 1983ರ ಐರಾಸ್ ಉಪಗ್ರಹ ವಾತಾವರಣವನ್ನೇ ದಾಟಿ, ಆಕಾಶದ ಶೇಕಡಾ 96 ಭಾಗವನ್ನು ಸರ್ವೇಕ್ಷಿಸಿತು. 2021ರ ಡಿಸೆಂಬರ್ 25ರಂದು ಉಡಾವಣೆಯಾದ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿ 6.5 ಮೀಟರ್ ಅಗಲದ್ದು. ಸಾಧನದ ಮೈಬಿಸಿಯೂ ಅವಗೆಂಪನ್ನೇ ಸೂಸುವುದರಿಂದ, ಐದು ಪದರದ ನೆರಳುಹಾಳೆಯ ಮರೆಯಲ್ಲಿ ಅದನ್ನು ಶೂನ್ಯಕ್ಕಿಂತ 220 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ತಣ್ಣಗಿಡಲಾಗಿದೆ. ಬಿಸಿಯಿಂದಲೇ ಪತ್ತೆಯಾದ ಕಿರಣವನ್ನು ಸ್ಪಷ್ಟವಾಗಿ ಕಾಣಲು, ನೋಡುವ ಸಾಧನ ಇಷ್ಟು ತಣ್ಣಗಿರಬೇಕಾಯಿತು.